ಪರೀಕ್ಷೆ ಮುಗಿಯಲಿ ಎಂದ ಅಕ್ಕೋರು

ಅಕ್ಕೋರು ತೀರಿಕೊಂಡ ಮೇಲೆ ಅವರ ಬಗ್ಗೆ ಎರಡು ಮಾತು ಬರೆದುಕೊಡಿ ಎಂದು ಹರಪನಹಳ್ಳಿಯಿಂದ ಫೋನು ಬಂದಾಗ ನಾನು ಹಡಗಲಿಯ ಕಾಲೇಜಿನಲ್ಲಿ ಪಾಠ ಮುಗಿಸಿ ಆಗಷ್ಟೇ ಸ್ಟಾಫ್ ರೂಮಿಗೆ ಬಂದಿದ್ದೆ. ಶ್ರದ್ಧಾಂಜಲಿ ಸಭೆಯಲ್ಲಿ ಹಂಚುವ ಕರಪತ್ರಕ್ಕೆ ಬೇಕಂತೆ. ಹುಟ್ಟಿದ ಊರು, ಓದಿದ್ದು, ಮಾಡಿದ ಸಾಧನೆ, ಇಷ್ಟಿದ್ದರೆ ಸಾಕು ಎಂದರು. ಬರೆದುಕೊಟ್ಟೆ. ಅಚ್ಚಾಗಿ ಬಂದದ್ದನ್ನು ಓದಿದರೆ ಅದರಲ್ಲಿ ಅಕ್ಕೋರು ಎಲ್ಲೂ ಇರಲಿಲ್ಲ. "ನೂರಾರು ಮಹಿಳೆಯರ ಬಾಳಿಗೆ ಬೆಳಕಾದವರು" ಎಂದು ಯಾರೋ ಒಂದು ಸಾಲು ಸೇರಿಸಿದ್ದರು. ಅದನ್ನು ಅವರೇ ಓದಿದ್ದರೆ, "ಬೆಳಕಲ್ಲ ತಾಯಿ, ಫೀಸು ತಗೊಂಡು ಗಣಿತ ಹೇಳೀನಿ" ಎಂದು ನಗುತ್ತಿದ್ದರು. ಅದಕ್ಕೇ ಇನ್ನೊಮ್ಮೆ ಬರೆಯಲು ಕುಳಿತಿದ್ದೇನೆ.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನೆಲ್ಲ ಅಕ್ಕೋರು ಎನ್ನುವುದು ವಾಡಿಕೆ. ಆದರೆ ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು "ಅಕ್ಕೋರ ಕ್ಲಾಸು ಎಲ್ಲೈತ್ರಿ?" ಎಂದು ಕೇಳಿದರೆ ಯಾವ ಅಕ್ಕೋರು ಎಂದು ಯಾರೂ ತಿರುಗಿ ಕೇಳುತ್ತಿರಲಿಲ್ಲ. ಸರ್ಕಾರಿ ಕೆಲಸದ ಪರೀಕ್ಷೆಗಳಿಗೆ ಹೆಂಗಸರನ್ನಷ್ಟೇ ತಯಾರು ಮಾಡುತ್ತಿದ್ದ ಕೋಚಿಂಗ್ ಅದು. ಮದುವೆಯಾಗಿ ಓದು ಬಿಟ್ಟವರು, ಮಗುವಾದ ಮೇಲೆ ಮತ್ತೆ ಪುಸ್ತಕ ಹಿಡಿದವರು, ಡಿಗ್ರಿ ಮುಗಿಸಿ ಮನೆಯಲ್ಲಿ ಕುಳಿತ ಹುಡುಗಿಯರು. ತಾಲೂಕಿನ ತೆಲಿಗಿ, ಅರಸೀಕೆರೆ, ಉಚ್ಚಂಗಿದುರ್ಗದ ಬಸ್ಸುಗಳು ಅವರನ್ನು ತಂದು ಇಳಿಸುತ್ತಿದ್ದವು.

ಅಕ್ಕೋರು ತಾವೂ ಹಾಗೇ ಓದಿದವರು. ಸೊಸೆಯಾಗಿ ಈ ಊರಿಗೆ ಬಂದ ಮೇಲೆ ಒಲೆ ಮುಂದೆ ಕೂತು ಪರೀಕ್ಷೆಗೆ ಓದಿದರು. ಒಮ್ಮೆ ಬಸುರಿಯಾಗಿ ಹೋಗಲಾಗಲಿಲ್ಲ. ಇನ್ನೊಮ್ಮೆ ಮಾವ ಹಾಸಿಗೆ ಹಿಡಿದಿದ್ದರು. ಮತ್ತೊಮ್ಮೆ ಬರೆದರು, ಸ್ವಲ್ಪದರಲ್ಲಿ ತಪ್ಪಿತು. ಅಷ್ಟರಲ್ಲಿ ವಯೋಮಿತಿ ಮುಗಿದಿತ್ತು. ಅದನ್ನು ಅವರು ದುಃಖದಿಂದ ಹೇಳಿದ್ದನ್ನು ನಾನು ಕೇಳಿಲ್ಲ. "ಅಷ್ಟು ಓದಿದ್ದೆಲ್ಲ ತಲಿಯಾಗ ಕುಂತಿತ್ತು. ಹೊರಗ ಹಾಕಾಕ ಒಂದು ಜಾಗ ಬೇಕಾಗಿತ್ತು" ಎನ್ನುತ್ತಿದ್ದರು.

ಆ ಜಾಗ ಒಂದು ಟೇಲರ್ ಅಂಗಡಿಯ ಹಿಂದಿನ ಕೋಣೆಯಾಗಿತ್ತು. ಮುಂದೆ ಮಷೀನಿನ ಸದ್ದು, ಹಿಂದೆ ಇವರ ಲೆಕ್ಕ. ಅಕ್ಕಪಕ್ಕದ ಓಣಿಯ ಕೆಲವೇ ಹೆಂಗಸರು. ನಾನು ಕನ್ನಡ ವ್ಯಾಕರಣ ಹೇಳಲು ಸೇರುವ ಹೊತ್ತಿಗೆ ಕ್ಲಾಸು ಆ ಕೋಣೆ ಬಿಟ್ಟು ಮಹಡಿಯ ಮೇಲಿನ ಹಾಲಿಗೆ ಬಂದಿತ್ತು. ಆಗಷ್ಟೇ ಎಂ.ಎ. ಮುಗಿಸಿದ್ದೆ. ನನ್ನನ್ನು ಕೇಳಲು ಅವರು ನಮ್ಮ ಮನೆಗೇ ಬಂದಿದ್ದರು. ನಮ್ಮಪ್ಪ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿದ್ದವರು. ನಮ್ಮ ಕೇರಿಗೆ ಹೊರಗಿನ ಹೆಂಗಸರು ಹೀಗೆ ಕೆಲಸಕ್ಕೆ ಕರೆಯಲು ಬಂದದ್ದನ್ನು ಅವರು ನೋಡಿರಲಿಲ್ಲ. ಕುರ್ಚಿ ಹಾಕುವುದೋ ಚಾಪೆ ಹಾಸುವುದೋ ತಿಳಿಯದೆ ನಿಂತರು. ಅಕ್ಕೋರು ಗೋಡೆಯ ಬುದ್ಧನ ಪಟದ ಕೆಳಗೆ ನೆಲದ ಮೇಲೇ ಕುಳಿತು, ಅಮ್ಮ ಕೊಟ್ಟ ಚಹಾ ಕುಡಿದು, ಎರಡನೇ ಸಲ ಕೇಳಿ ಹಾಕಿಸಿಕೊಂಡರು.

"ನಿಮ್ಮ ಮಗಳು ಕಾಲೇಜಿನ್ಯಾಗ ಮಾತಾಡಿದ್ದು ಕೇಳೀನ್ರಿ. ಸಂಧಿ ಸಮಾಸ ಹೇಳಿದ್ರ ನಮ್ಮ ಹೆಣ್ಮಕ್ಳು ನಿದ್ದಿ ಮಾಡ್ತಾರ. ಈಕಿ ಹೇಳಿದ್ರ ಮಾಡಂಗಿಲ್ಲ. ಕಳಿಸ್ರಿ."

"ಸಂಬಳ ಅಂತ ಏನರ..." ಎಂದು ಅಪ್ಪ ಸಂಕೋಚದಿಂದ ಕೇಳಿದರು.

"ಏನರ ಅಲ್ರಿ, ಸಂಬಳನೇ. ತಿಂಗಳಾ ತಿಂಗಳಾ. ನಾನು ಸೇವಾ ಮಾಡಾಕ ಕುಂತಿಲ್ಲ, ಅಂಗಡಿ ತೆಗದೀನಿ."

ಈ ಅಂಗಡಿ ಎಂಬ ಮಾತನ್ನು ಅವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ಒಮ್ಮೆ ಊರಿನ ಹಿರಿಯರೊಬ್ಬರು, "ಹೆಣ್ಣುಮಕ್ಕಳ ಕೆಲಸ, ಪುಕ್ಕಟೆ ಹೇಳಿಕೊಟ್ರ ಪುಣ್ಯ ಬರ್ತೈತಿ" ಎಂದಾಗ ಅಕ್ಕೋರು ಹೇಳಿದ ಉತ್ತರ ನನಗೆ ಈಗಲೂ ನೆನಪಿದೆ. "ಪುಕ್ಕಟೆ ಅಂದ್ರ ಮನಿಯವರು ಕ್ಲಾಸಿಗೆ ಕಳಸಂಗಿಲ್ರಿ. ಇವತ್ತು ನೆಂಟರು ಬಂದಾರ, ಇವತ್ತು ಹೊಲಕ್ಕ ಬಾ ಅಂತ ಬಿಡಸ್ತಾರ. ಅದೇ ಫೀಸು ಕಟ್ಟಿದ್ರ ಅತ್ತಿನೇ ಎಬ್ಬಿಸಿ ಬಸ್ಸಿಗೆ ಹತ್ತಸ್ತಾಳ."

ಅದು ಸತ್ಯವಾಗಿತ್ತು. ಅವರ ವ್ಯಾಪಾರವೆಲ್ಲ ನಿಂತದ್ದು ಇಂಥ ತಿಳಿವಳಿಕೆಯ ಮೇಲೆ. ಕ್ಲಾಸಿನ ಸಮಯವನ್ನು ಗಡಿಯಾರ ನೋಡಿ ಇಟ್ಟಿರಲಿಲ್ಲ. ಹೊಲಕ್ಕೆ ಬುತ್ತಿ ಕಳಿಸಿ, ಮಕ್ಕಳನ್ನು ಶಾಲೆಗೆ ಬಿಟ್ಟು ಹತ್ತಬಹುದಾದ ಬಸ್ಸು ಯಾವುದೋ ಅದು ಬಂದ ಮೇಲೆ ಶುರು. ಶಾಲೆ ಬಿಡುವ ಮೊದಲು ಊರು ಮುಟ್ಟಿಸುವ ಬಸ್ಸಿಗೆ ಮುಕ್ತಾಯ. ಮಳೆಗೆ ಅರಸೀಕೆರೆ ಬಸ್ಸು ತಡವಾದರೆ ಉಳಿದವರು ಹಿಂದಿನ ದಿನದ್ದನ್ನು ಮತ್ತೆ ಮಾಡುತ್ತ ಕಾಯಬೇಕು. ಕೊಟ್ಟೂರಿನಲ್ಲಿ ಎರಡನೇ ಕ್ಲಾಸು ತೆರೆದಾಗ ಜಾಗ ಹುಡುಕಲು ನನ್ನನ್ನೂ ಕರೆದುಕೊಂಡು ಹೋಗಿದ್ದರು. ಬಾಡಿಗೆ ಕಡಿಮೆ ಇದ್ದ ಒಳ್ಳೆಯ ಕಟ್ಟಡವೊಂದನ್ನು ಬಿಟ್ಟು ತರಕಾರಿ ಮಾರುಕಟ್ಟೆಯ ಪಕ್ಕದ ಇಕ್ಕಟ್ಟಾದ ಮಹಡಿ ಆರಿಸಿದರು. ಯಾಕೆಂದು ಕೇಳಿದೆ.

"ಮನ್ಯಾಗ ಇನ್ನೂ ಒಪ್ಪಿರದಾಕಿ ಇರ್ತಾಳಲ್ಲ, ಆಕಿ ಕಾಯಿಪಲ್ಲೆ ತರ್ತೀನಿ ಅಂತ ಕೈಚೀಲ ಹಿಡಕಂಡು ಬರಾಕ ಈ ಜಾಗನೇ ಬೇಕು" ಎಂದರು.

ಆಮೇಲೆ ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ. ಪ್ರತಿ ಊರಲ್ಲೂ ಒಬ್ಬಿಬ್ಬರು ಪಾಠದವರನ್ನು ಇಟ್ಟಿದ್ದರು. ಆದರೆ ಗಣಿತ ಮಾತ್ರ ಎಲ್ಲ ಕಡೆಯೂ ಅವರದೇ. ವಾರವಿಡೀ ಬಸ್ಸಿನಲ್ಲಿ ಓಡಾಟ. ಕಾರು ತೆಗೆದುಕೊಳ್ಳಿ ಎಂದು ಎಲ್ಲರೂ ಹೇಳಿದೆವು. ಬಸ್ಸಿನಲ್ಲಿ ಪಕ್ಕ ಕುಳಿತವಳನ್ನು ಮಾತಾಡಿಸಿ, ಏನು ಓದಿದ್ದೀ, ಈಗೇನು ಮಾಡುತ್ತೀ ಎಂದು ಕೇಳಿ ಕ್ಲಾಸಿಗೆ ಸೇರಿಸಿಕೊಂಡವರೇ ಎಷ್ಟೋ ಜನ. "ಕಾರಿನ್ಯಾಗ ಕುಂತ್ರ ಯಾರು ಸಿಗ್ತಾರ, ಡ್ರೈವರ್ರು" ಎಂದು ಹೇಳಿ ಆ ಮಾತು ಮುಗಿಸಿದರು.

ಇನ್ನೊಂದು ವಿಷಯದಲ್ಲಿ ಅವರು ಉಳಿದ ಕೋಚಿಂಗ್‌ನವರಂತೆ ಇರಲಿಲ್ಲ. ಪಾಸಾದವರ ಫೋಟೋ ಹಾಕಿ ಫ್ಲೆಕ್ಸ್ ಕಟ್ಟುವುದನ್ನು ಒಪ್ಪುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಸುತ್ತ ಬೇರೆಯವರ ಫ್ಲೆಕ್ಸುಗಳಲ್ಲಿ ಸಾಲು ಸಾಲು ಮುಖಗಳಿದ್ದರೆ ಇವರದು ಬರೀ ಹೆಸರಿನ ಬೋರ್ಡು. ನಾನೇ ಒಮ್ಮೆ ವಾದ ಮಾಡಿದೆ, ಜಾಹೀರಾತು ಇಲ್ಲದೆ ಹೇಗೆ ಬೆಳೆಯುತ್ತದೆ ಎಂದು. ಅವರು ಕಿಟಕಿಯಿಂದ ಕೆಳಗಿನ ರಸ್ತೆ ತೋರಿಸಿದರು. "ಪಾಸಾಗದೇ ಇದ್ದಾಕಿನೂ ಇದೇ ದಾರ್ಯಾಗ ಸಂತಿಗೆ ಬರಬೇಕಲ್ಲ ತಂಗಿ. ಆಕಿ ತಲಿ ಎತ್ತಿ ನಡೀಬೇಕೋ ಬ್ಯಾಡೋ?"

ಅವರ ಯಜಮಾನರ ಬಗ್ಗೆ ಹೇಳದಿದ್ದರೆ ಈ ಚಿತ್ರ ಅರ್ಧವಾಗುತ್ತದೆ. ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತರಾಗಿದ್ದವರು, ಕ್ಲಾಸು ದೊಡ್ಡದಾದ ಮೇಲೆ ಅದನ್ನು ಬಿಟ್ಟು ಇಲ್ಲಿಗೇ ಬಂದರು. ಬೀಗ ತೆಗೆಯುವುದು, ಚಾಪೆ ಹಾಸುವುದು, ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡುವುದು ಅವರ ಪಾಲಿನ ಕೆಲಸ. ಹಾಲಿನ ಹಿಂದೆ ಚಿಕ್ಕ ಕೋಣೆಯೊಂದಿತ್ತು. ಅದರಲ್ಲಿ ಅಕ್ಕೋರು ಎರಡು ತೊಟ್ಟಿಲು ಕಟ್ಟಿಸಿದ್ದರು, ಹಸುಗೂಸಿನ ತಾಯಂದಿರಿಗಾಗಿ. ಪಾಠ ನಡೆಯುವಾಗ ಯಜಮಾನರು ಒಂದು ಕೈಯಲ್ಲಿ ಪೇಪರು ಹಿಡಿದು ಇನ್ನೊಂದು ಕೈಯಲ್ಲಿ ತೊಟ್ಟಿಲ ಹಗ್ಗ ಎಳೆಯುತ್ತಿದ್ದರು. ಅವರ ಗೆಳೆಯರು ಗೇಲಿ ಮಾಡುತ್ತಿದ್ದರು. "ಏನಲೇ, ಹೆಂಡ್ತಿ ಪಾಠ ಹೇಳ್ತಾಳ, ನೀ ಜೋಗುಳ ಹಾಡ್ತೀ?" ಅವರು ಪೇಪರಿನಿಂದ ಕಣ್ಣೆತ್ತದೆ, "ಮೆತ್ತಗ ಮಾತಾಡಲೇ, ಕೂಸು ಎದ್ದೀತು" ಎನ್ನುತ್ತಿದ್ದರು. ಅವರ ಒಬ್ಬಳೇ ಮಗಳು ಮದುವೆಯಾಗಿ ಹುಬ್ಬಳ್ಳಿಯಲ್ಲಿದ್ದಾಳೆ. ಗಂಡ ಹೆಂಡತಿ ಇಬ್ಬರಿಗೂ ದಿನವೆಲ್ಲ ಕ್ಲಾಸೇ ಮನೆ.

ಮಾಳಮ್ಮ ಸೇರಿದ್ದು ಆ ಒಳ್ಳೆಯ ದಿನಗಳಲ್ಲಿ. ಉಚ್ಚಂಗಿದುರ್ಗದ ಕುರಿ ಸಾಕುವ ಮನೆಯ ಹುಡುಗಿ. ಅವರ ಮನೆಯಲ್ಲಿ ಡಿಗ್ರಿ ಮಾಡಿದವಳು ಅವಳೊಬ್ಬಳೇ. ಕಪ್ಪಗೆ, ಉದ್ದಕ್ಕೆ, ಮಾತು ಬಹಳ ಕಡಿಮೆ. ಲೆಕ್ಕದಲ್ಲಿ ಮಾತ್ರ ಎಲ್ಲರಿಗಿಂತ ಮುಂದೆ. ಅಕ್ಕೋರು ಬೋರ್ಡಿನ ಮೇಲೆ ಬರೆದು ಮುಗಿಸುವುದರೊಳಗೆ ಅವಳ ತುಟಿ ಉತ್ತರ ಹೇಳಿ ಮುಗಿಸಿರುತ್ತಿತ್ತು. ಅಕ್ಕೋರು ಅವಳ ಕಡೆ ನೋಡಿ, "ನೀ ಸುಮ್ನಿರವ್ವ, ಉಳಿದವರು ಹೇಳ್ಲಿ" ಎನ್ನುವುದು ನಿತ್ಯದ ಮಾತಾಗಿತ್ತು. ವರ್ಷ ತುಂಬುವುದರೊಳಗೆ ಅವಳಪ್ಪ ಮದುವೆ ಗೊತ್ತುಮಾಡಲು ಹೊರಟರು. ಅಕ್ಕೋರು ಉಚ್ಚಂಗಿದುರ್ಗಕ್ಕೆ ಹೋಗಿ ಅವರನ್ನು ಕಂಡು ಬಂದರು. ಅಲ್ಲಿ ಏನು ಮಾತಾಯಿತೋ ನನಗೆ ಗೊತ್ತಿಲ್ಲ. "ಒಂದು ಪರೀಕ್ಷಿ ಬರಿಯತನ ತಡೀರಿ ಅಂದೆ. ದೇವಿ ಮ್ಯಾಲೆ ಆಣಿ ಮಾಡಿಸಿಕ್ಯಂಡಾರ, ಒಂದೇ ಪರೀಕ್ಷಿ ಅಂತ" ಎಂದಷ್ಟೇ ಹೇಳಿದರು.

ಆ ಒಂದು ಪರೀಕ್ಷೆಯೇ ಎಲ್ಲರನ್ನೂ ಸುತ್ತಿಸಿತು.

ಬಹಳ ವರ್ಷಗಳ ಮೇಲೆ ಗುಮಾಸ್ತರ ಹುದ್ದೆಗಳಿಗೆ ದೊಡ್ಡ ನೇಮಕಾತಿ ಕರೆದಿದ್ದರು. ಐದೂ ಊರಿನ ಕ್ಲಾಸುಗಳು ತುಂಬಿದವು. ಜಾಗ ಸಾಲದೆ ಮೆಟ್ಟಿಲ ಮೇಲೂ ಕೂತು ಬರೆದುಕೊಳ್ಳುತ್ತಿದ್ದರು. ದಾವಣಗೆರೆಯ ದೊಡ್ಡ ಸಂಸ್ಥೆಯೊಂದರವರು ಬಂದು, ನಿಮ್ಮ ಹೆಸರೇ ಇರಲಿ, ನಾವು ನಡೆಸುತ್ತೇವೆ, ನೀವು ಆರಾಮಾಗಿರಿ ಎಂದು ಕೇಳಿಹೋದರು. ಅಕ್ಕೋರು ಅವರಿಗೆ ಮಂಡಕ್ಕಿ ಮಿರ್ಚಿ ತಿನ್ನಿಸಿ ಕಳಿಸಿದರು. ಅವರ ಬದುಕಿನಲ್ಲಿ ಅದಕ್ಕಿಂತ ದೊಡ್ಡ ಕಾಲ ಇರಲಿಲ್ಲ ಎಂದು ನನಗನಿಸುತ್ತದೆ. ಯಾವ ಊರಿನ ಯಾವ ಬಸ್ಸಿನಲ್ಲಿ ಕುಳಿತರೂ ಯಾರಾದರೂ ಎದ್ದು ಸೀಟು ಬಿಡುತ್ತಿದ್ದರು.

ಪರೀಕ್ಷೆಯ ದಿನ ಹತ್ತಿರ ಬಂತು, ಮುಂದಕ್ಕೆ ಹೋಯಿತು. ಮತ್ತೆ ದಿನ ಗೊತ್ತಾಯಿತು, ಮತ್ತೆ ಮುಂದಕ್ಕೆ ಹೋಯಿತು. ಕೊನೆಗೂ ನಡೆಯಿತು. ಬರೆದು ಬಂದವರ ಮುಖ ನೋಡಿ ನಾವೆಲ್ಲ ಗೆದ್ದೆವು ಎಂದುಕೊಂಡಿದ್ದೆವು. ಮಾಳಮ್ಮ ಮೊದಲ ಸಲ ಬಾಯಿಬಿಟ್ಟು ನಕ್ಕಿದ್ದಳು. ಅಷ್ಟರಲ್ಲಿ ಸುದ್ದಿ ಬಂತು. ಎಲ್ಲೋ ದೂರದಲ್ಲಿ ಪ್ರಶ್ನೆಪತ್ರಿಕೆ ಮೊದಲೇ ಹೊರಗೆ ಬಿದ್ದಿತ್ತಂತೆ. ಇಡೀ ಪರೀಕ್ಷೆ ರದ್ದು. ಮತ್ತೆ ಬರೆಯಬೇಕು, ಯಾವಾಗ ಎಂದು ಗೊತ್ತಿಲ್ಲ.

ಸುದ್ದಿ ಕೇಳಿಯೂ ಆ ದಿನ ಎಲ್ಲರೂ ಹಾಲಿಗೆ ಬಂದಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬಳು ಅಳಲು ಶುರು ಮಾಡಿದಳು, ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು. ಅಕ್ಕೋರು ಅಳುವವರನ್ನು ಅಳಲು ಬಿಟ್ಟರು. ಆಮೇಲೆ ಹೇಳಿದರು: "ನಿಮ್ಮ ಮನಿಯವರು ಇನ್ನ ಸಾಕು ಅಂತಾರ. ಅವರಿಗೆ ಹೇಳ್ರಿ, ಅಕ್ಕೋರು ಈ ಸಲ ಫೀಸು ತಗಳಂಗಿಲ್ಲ, ಆದ್ರ ಒಂದು ದಿನ ತಪ್ಪಿಸಿದ್ರೂ ಒಳಗ ಬಿಡಂಗಿಲ್ಲ ಅಂತ. ನಾ ಇಲ್ಲೇ ಇರ್ತೀನಿ. ಪರೀಕ್ಷಿ ಆಗತನಾ ನಾ ಎಲ್ಲೂ ಹೋಗಂಗಿಲ್ಲ."

ದುರ್ಗಕ್ಕೆ ಇನ್ನೊಮ್ಮೆ ಹೋಗಿ ಬಂದರು. ರದ್ದಾದ ಪರೀಕ್ಷೆ ಲೆಕ್ಕಕ್ಕಿಲ್ಲ, ಆಣೆ ಇನ್ನೂ ಮುಗಿದಿಲ್ಲ ಎಂದು ಮಾಳಮ್ಮನ ಅಪ್ಪನನ್ನು ಒಪ್ಪಿಸಿದರಂತೆ.

ಆ ದಿನಗಳಲ್ಲೇ ಅಕ್ಕೋರು ಬೋರ್ಡಿನ ಮೇಲಿನ ಅರ್ಧದಲ್ಲಿ ಬರೆಯುವುದನ್ನು ಬಿಟ್ಟರು. ಬಲಗೈ ಭುಜದ ಮೇಲಕ್ಕೆ ಏಳುತ್ತಿರಲಿಲ್ಲ. ಕೆಳಗೆ ಬರೆದದ್ದು ಹಿಂದಿನವರಿಗೆ ಕಾಣುವುದಿಲ್ಲ ಎಂದು ಯಾರೋ ಗೊಣಗಿದರು. "ಭುಜ ಹಿಡಕಂಡೈತವ್ವ, ಬಸ್ಸಿನ್ಯಾಗ ಕಂಬಿ ಹಿಡದು ಹಿಡದು" ಎಂದರು. ಎಲ್ಲರೂ ನಂಬಿದರು, ಅಷ್ಟು ಬಸ್ಸು ಹತ್ತುವವರಿಗೆ ಭುಜ ನೋಯದೆ ಏನಾದೀತು? ಮಾರನೆಯ ದಿನ ಯಜಮಾನರು ಬಡಗಿಯನ್ನು ಕರೆಸಿ, ಮುಂದಿನ ಸಾಲಿನವರನ್ನು ಹಿಂದಕ್ಕೆ ಸರಿಸಿ, ನೆಲಕ್ಕೆ ಒಂದು ಹಲಗೆ ಎತ್ತರಿಸಿ ಹಾಕಿಸಿದರು. ಅಕ್ಕೋರು ಅದರ ಮೇಲೆ ನಿಂತರೆ ಕೈ ಎತ್ತದೆಯೇ ಬೋರ್ಡಿನ ಮೇಲ್ಭಾಗ ಎಟಕುತ್ತಿತ್ತು. ಹೆಂಡತಿಗೆ ಅನುಕೂಲ ಮಾಡಿಕೊಟ್ಟೆ ಎಂದು ಅವರಿಗೆ ಅವತ್ತು ಎಷ್ಟು ಖುಷಿ!

ಮಾಳಮ್ಮ ಒಬ್ಬಳೇ ಏನೋ ಗಮನಿಸಿದ್ದಳು. ಅಕ್ಕೋರು ಪಾಠ ಮಾಡುವಾಗ ಸೆರಗನ್ನು ಬಲಗಡೆಗೂ ತಂದು ಹೊದ್ದು, ಕಂಕುಳ ಕೆಳಗೆ ಒತ್ತಿಹಿಡಿಯುತ್ತಿದ್ದರು. ಅವಳ ಚಿಕ್ಕಮ್ಮನೊಬ್ಬಳು ಹಾಗೇ ಮಾಡುತ್ತಿದ್ದು, ಆಮೇಲೆ ಸತ್ತಿದ್ದಳು. ಒಂದು ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅವಳು ಬಸ್ಸು ಬಿಟ್ಟು ಉಳಿದಳು. ಈ ಮಾತನ್ನು ಅವಳು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

"ಅಕ್ಕೋರೆ, ದವಾಖಾನಿಗೆ ತೋರಿಸ್ರಿ" ಎಂದಳಂತೆ.

"ತೋರಸ್ತೀನಿ, ಪರೀಕ್ಷಿ ಮುಗೀಲಿ."

"ಪರೀಕ್ಷಿ ಯಾವಾಗ ಐತೋ ಯಾರಿಗೆ ಗೊತ್ರಿ?"

"ನಾ ಈಗ ದವಾಖಾನಿ ಹಿಡದ್ರ ಕ್ಲಾಸು ನಿಲ್ತೈತಿ. ಕ್ಲಾಸು ನಿಂತ್ರ ನಿಮ್ಮಪ್ಪ ನಿನ್ನ ಕರಕಂಡು ಹೋಗ್ತಾನ. ನೀ ಒಬ್ಬಾಕಿನಾ? ಇಂಥವರು ಎಷ್ಟು ಮಂದಿ ಅದಾರ ನೋಡು. ಸುಮ್ನ ಓದು. ಯಾರ ಮುಂದೂ ಬಾಯಿ ಬಿಡಬ್ಯಾಡ, ನಮ್ಮ ಮನಿಯವರ ಮುಂದಂತೂ ಬ್ಯಾಡ."

ಮಾಳಮ್ಮ ಬಾಯಿ ಬಿಡಲಿಲ್ಲ. ಅಕ್ಕೋರು ಹೇಳಿದ್ದನ್ನು ಮೀರಿ ನಡೆದವಳಲ್ಲ ಅವಳು. ಇದನ್ನು ಹೇಳುವಾಗ ಅವಳ ಧ್ವನಿ ಎಷ್ಟು ಸಣ್ಣಗಾಗಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. ಅವಳ ಕೈ ಹಿಡಿದು ಕುಳಿತೆ.

ಮರುಪರೀಕ್ಷೆಯ ದಿನವೂ ಎರಡು ಸಲ ಬದಲಾಯಿತು. ಪ್ರತಿ ಸಲವೂ ಅಕ್ಕೋರು ಒಂದು ಬೇಸಿಗೆ, ಒಂದು ಮಳೆಗಾಲ ತಳ್ಳಿದರು. ಸೊರಗುತ್ತಿದ್ದರು. ಕೇಳಿದರೆ, "ತಿರುಗಾಟ ಹೆಚ್ಚಾಗೈತಿ" ಎನ್ನುತ್ತಿದ್ದರು. ಆ ಹೊತ್ತಿಗೆ ನನಗೆ ಹಡಗಲಿಯಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತ್ತು. ನಾನು ಹೊರಡುವ ದಿನ ಅವರು ಒಂದು ಇಳಕಲ್ ಸೀರೆ ಕೊಟ್ಟು, "ಅಲ್ಲಿ ಹೋಗಿ ಸರ್ಕಾರಿ ಮೇಡಂ ಆಗಿ ನಿದ್ದಿ ಮಾಡಬ್ಯಾಡ ಮತ್ತ" ಎಂದು ನಗಿಸಿದರು.

ಕಡೆಗೆ ಪರೀಕ್ಷೆ ನಡೆಯಿತು. ಹೆಣ್ಣುಮಕ್ಕಳನ್ನೆಲ್ಲ ಬಸ್ಸು ಹತ್ತಿಸಿ ಕಳಿಸಿದರು, ಸಂಜೆ ಬಂದವರನ್ನೆಲ್ಲ ಇಳಿಸಿಕೊಂಡರು, ಒಬ್ಬೊಬ್ಬರನ್ನೂ ಹೇಗಾಯಿತು ಎಂದು ಕೇಳಿದರು. ಬೆಳಗಾದ ಮೇಲೆ ಗಂಡನಿಗೆ, "ನಡೀರಿ, ದಾವಣಗೆರಿಗೆ ಹೋಗಿ ಬರೋಣ" ಎಂದರು. ಯಜಮಾನರು ಸೀರೆ ಅಂಗಡಿಗೆ ಎಂದುಕೊಂಡರಂತೆ. ಪಾಪ, ಒಳ್ಳೆಯ ಅಂಗಿ ಹಾಕಿಕೊಂಡು ಹೊರಟಿದ್ದರು.

ಪರೀಕ್ಷೆ ಮಾಡಿದ ಡಾಕ್ಟರಮ್ಮ ಸಿಟ್ಟಿನಿಂದಲೇ ಕೇಳಿದರಂತೆ: "ಇಷ್ಟು ದಿನ ಎಲ್ಲಿದ್ರಿ?"

"ಕ್ಲಾಸಿನ್ಯಾಗ ಇದ್ನಿರಿ" ಎಂದರಂತೆ ಅಕ್ಕೋರು.

ಎದೆಯಲ್ಲಿ ಹುಟ್ಟಿದ ಕ್ಯಾನ್ಸರು ಬೆನ್ನುಮೂಳೆಗೂ ಯಕೃತ್ತಿಗೂ ಹಬ್ಬಿತ್ತು. ಔಷಧಿ ಕೊಟ್ಟರು. ಕೂದಲು ಹೋಯಿತು. ಕೆಲವು ದಿನ ಸುಧಾರಿಸಿದಂತೆ ಕಂಡು ಕೊಟ್ಟೂರಿನ ಕ್ಲಾಸಿಗೂ ಹೋಗಿ ಬಂದರು, ತಲೆಗೆ ಸೆರಗು ಹೊದ್ದು. ಆಮೇಲೆ ಆಗಲಿಲ್ಲ. ಮಗಳು ಹುಬ್ಬಳ್ಳಿಯಿಂದ ಬಂದು ಹೋಗುತ್ತಿದ್ದಳು, ನಾನು ಭಾನುವಾರಗಳಲ್ಲಿ ಹೋಗಿ ಕೂರುತ್ತಿದ್ದೆ. ಯಜಮಾನರು ನನ್ನನ್ನು ಬಾಗಿಲಿಗೆ ಕರೆದು ಒಂದು ದಿನ ಅಂದರು: "ಆ ಹಲಗಿ ಹಾಕಿಸಿದ್ನಲ್ರಿ ನಾನು... ನೋವು ಐತಿ ಅಂತ ಗೊತ್ತಿತ್ತು. ಯಾಕ ಅಂತ ಕೇಳ್ಲೇ ಇಲ್ಲ. ಎತ್ತರ ಮಾಡಿಕೊಟ್ಟುಬಿಟ್ಟೆ." ಹೇಳಿದವರು ನೆಟ್ಟಗೆ ನಿಂತು ಅಳುತ್ತಿದ್ದರು, ಕಣ್ಣು ಒರೆಸಿಕೊಳ್ಳಬೇಕೆಂಬುದೂ ನೆನಪಿಲ್ಲದಂತೆ.

ಅಷ್ಟು ಊರುಗಳಲ್ಲಿ ಕಟ್ಟಿದ್ದು ಅವರು ಮಲಗಿದ ಕೂಡಲೇ ಸಡಿಲವಾಯಿತು. ಕೊಟ್ಟೂರಿನ ಕ್ಲಾಸನ್ನು ಅಲ್ಲಿ ಪಾಠ ಹೇಳುತ್ತಿದ್ದವರೇ ತಮ್ಮ ಹೆಸರಿಗೆ ಮಾಡಿಕೊಂಡರು. ಕೂಡ್ಲಿಗಿಯದೂ ಹಡಗಲಿಯದೂ ಮುಚ್ಚಿದವು, ಹಗರಿಬೊಮ್ಮನಹಳ್ಳಿಯದರಲ್ಲಿ ಈಗ ಮೊಬೈಲ್ ಅಂಗಡಿ ಇದೆ. ಯಾರ ತಪ್ಪೂ ಅಲ್ಲ. ಯಾವಳ ಅತ್ತೆಗೆ ಏನು ಹೇಳಿದರೆ ಒಪ್ಪುತ್ತಾಳೆ, ಯಾವಳ ಗಂಡ ಯಾವ ವಾರ ಊರಲ್ಲಿರುತ್ತಾನೆ, ಯಾವಳಿಗೆ ಗದರಬೇಕು, ಯಾವಳಿಗೆ ಗದರಬಾರದು, ಇದೆಲ್ಲ ಅವರೊಬ್ಬರ ತಲೆಯಲ್ಲಿತ್ತು. ಇನ್ನೊಬ್ಬರಿಗೆ ಕಲಿಸಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಹರಪನಹಳ್ಳಿಯ ಹಾಲಿಗೆ ಮಾತ್ರ ಯಜಮಾನರು ಬಾಡಿಗೆ ಕಟ್ಟುತ್ತಲೇ ಇದ್ದರು. ದಿನಾ ಹೋಗಿ ಬೀಗ ತೆಗೆದು, ಕಸ ಗುಡಿಸಿ, ಬೀಗ ಹಾಕಿ ಬರುತ್ತಿದ್ದರು.

ಫಲಿತಾಂಶ ಬಂದಾಗ ಅಕ್ಕೋರಿಗೆ ನೆನಪು ಒಂದೇ ಸಮ ಇರುತ್ತಿರಲಿಲ್ಲ. ನೋವಿನ ಔಷಧಿಗೆ ಹಾಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಮಾಳಮ್ಮ ಆಯ್ಕೆಯಾಗಿದ್ದಳು. ಅವಳ ಜೊತೆಗೆ ಓದಿದವರಲ್ಲಿ ಇನ್ನೂ ಕೆಲವರು ಆಯ್ಕೆಯಾಗಿದ್ದರು. ಆ ಭಾನುವಾರ ನಾನು ಅಲ್ಲೇ ಇದ್ದೆ. ಮಾಳಮ್ಮ ಅಪ್ಪನನ್ನೂ ಕರೆದುಕೊಂಡು ಬಂದಿದ್ದಳು. ಅವರು ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಹೊಸ್ತಿಲ ಹೊರಗೇ ನಿಂತರು, ಕೈಯಲ್ಲಿ ಪೇಡೆಯ ಪೊಟ್ಟಣ. ಅವಳು ಮಂಚದ ಹತ್ತಿರ ಹೋಗಿ ಅಕ್ಕೋರ ಕಾಲು ಮುಟ್ಟಿದಳು.

ಅಕ್ಕೋರು ಕಣ್ಣು ತೆರೆದು ಬಹಳ ಹೊತ್ತು ಅವಳನ್ನೇ ನೋಡಿದರು.

"ಯಾವೂರವ್ವ ನಿಂದು?"

ಮಾಳಮ್ಮ ನನ್ನ ಕಡೆ ನೋಡಿದಳು.

"ಉಚ್ಚಂಗಿದುರ್ಗ್ರಿ" ಎಂದಳು.

"ದೂರ ಆತು. ಡಿಗ್ರಿ ಆಗೈತಾ?"

"ಆಗೈತ್ರಿ."

"ಹೊಸ ಬ್ಯಾಚು ಶುರು ಐತಿ. ನಾಳಿಯಿಂದ ಬಾ. ಹಿಂದ ಕುಂದರಬ್ಯಾಡ, ಮುಂದ ಕುಂದ್ರು."

"ಹೂಂ ರಿ ಅಕ್ಕೋರೆ" ಎಂದಳು ಮಾಳಮ್ಮ.

ಹೊರಗೆ ಬಂದು ಅವಳು ಗೋಡೆಗೆ ಹಣೆ ಹಚ್ಚಿ ನಿಂತಳು. ಅಪ್ಪ, "ಏನಂದ್ರವ್ವ? ಹೇಳಿದೇನು ಪಾಸಾಗೀನಿ ಅಂತ?" ಎಂದು ಕೇಳಿದರು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. "ನಾಳಿಯಿಂದ ಬಾ ಅಂದ್ರಪ್ಪ."

ಆ ಮನುಷ್ಯ ಪೇಡೆಯ ಪೊಟ್ಟಣವನ್ನು ಯಜಮಾನರ ಕೈಗೆ ಕೊಟ್ಟು, "ಬಾ ಅಂದಿದ್ರ ಬಂದುಬಿಡು ಮತ್ತ. ಬಸ್ಸು ಐತಲ್ಲ" ಎಂದರು.

ಅವಳು ಬಂದಳು. ಕೆಲಸಕ್ಕೆ ಸೇರುವ ಆದೇಶ ಬರಲು ಇನ್ನೂ ದಿನಗಳಿದ್ದವು. ಅಲ್ಲಿಯವರೆಗೆ ದಿನಾ ಬಂದಳು, ಕೈಚೀಲದಲ್ಲಿ ನೋಟ್‌ಬುಕ್ಕು ಪೆನ್ನು ಹಾಕಿಕೊಂಡು. ಅಕ್ಕೋರು ನಿದ್ದೆಯಲ್ಲಿದ್ದರೆ ಯಜಮಾನರಿಗೆ ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಎಚ್ಚರವಿದ್ದರೆ ಮಂಚದ ಪಕ್ಕ ನೆಲದ ಮೇಲೆ ಕೂರುತ್ತಿದ್ದಳು. ನಾನು ಅವರಿಬ್ಬರನ್ನೂ ಒಟ್ಟಿಗೆ ನೋಡಿದ್ದು ಅದರ ಮುಂದಿನ ಭಾನುವಾರ. ಅದಾದ ಮೇಲೆ ಅಕ್ಕೋರು ಮಾತಾಡಿದ್ದು ಕಡಿಮೆ.

ಬಿಸಿಲು ಕಿಟಕಿಯಿಂದ ಮಂಚದ ಕಾಲಿನವರೆಗೆ ಬಂದಿತ್ತು. ಅಕ್ಕೋರು ದಿಂಬಿಗೆ ಒರಗಿ, ಒಂದೊಂದು ಮಾತಿಗೂ ಉಸಿರು ಕೂಡಿಸಿಕೊಂಡು, ಲೆಕ್ಕ ಹೇಳುತ್ತಿದ್ದರು.

"ಆರು ಮಂದಿ ಹೆಣ್ಮಕ್ಳು... ಒಂದು ಹೊಲದ ಕಳಿ... ಹನ್ನೆರಡು ದಿನಕ್ಕ ತಗೀತಾರ. ಅದೇ ಹೊಲ, ಒಂಬತ್ತು ಮಂದಿ ಆದ್ರ?"

ಮಾಳಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಅವಳಿಗೆ ಅದು ಕಣ್ಣು ಮಿಟುಕಿಸುವಷ್ಟರ ಕೆಲಸ. ಆದರೆ ಪೆನ್ನಿನ ತುದಿ ಕಚ್ಚಿ ಯೋಚಿಸಿದಳು.

"ಹದಿನೆಂಟ್ರಿ" ಎಂದಳು.

ಅಕ್ಕೋರ ಮುಖದಲ್ಲಿ ಎಷ್ಟೋ ವಾರಗಳಿಂದ ಕಾಣದಿದ್ದ ಕಳೆ ಬಂತು. ದಿಂಬಿನಿಂದ ಸ್ವಲ್ಪ ಮೇಲೆದ್ದರು. ಯಜಮಾನರು ಹಿಡಿಯಲು ಹೋದರೆ ಬೇಡವೆಂದು ಕೈ ಸರಿಸಿದರು.

"ಮಂದಿ ಹೆಚ್ಚಾದ್ರ ಕೆಲಸ ತಡ ಆಗ್ತೈತೇನು? ಗಾಬರಿ ಆಗಬ್ಯಾಡ. ಹೊಲದಾಗ ನಿಂತೀ ಅಂತ ತಿಳಕಾ. ಇನ್ನೊಮ್ಮೆ ನೋಡು."

ಮಾಳಮ್ಮ ನೋಟ್‌ಬುಕ್ಕಿನ ಮೇಲೆ ಬಗ್ಗಿ ಮತ್ತೆ ಮೊದಲಿನಿಂದ ಬರೆಯತೊಡಗಿದಳು, ನಿಧಾನವಾಗಿ, ಎಷ್ಟು ಆಗುತ್ತದೋ ಅಷ್ಟು ನಿಧಾನವಾಗಿ. ಅಕ್ಕೋರು ಅವಳ ಪೆನ್ನನ್ನೇ ನೋಡುತ್ತ ಕಾಯುತ್ತಿದ್ದರು.